ಹಳೆಯ ಗಣಕಯಂತ್ರಕ್ಕೆ ಹೊಸ ಮದರ್‌ಬೋರ್ಡ್

ಮಾಳಿಗೆಯ ಮನೆ ಸೋರಲಾರಂಭಿಸಿದರೆ ನಮ್ಮ ಭಾಗದ ಹಿರಿಯರು ಒಮ್ಮೆಲೇ ಗೋಡೆಗೆ ಹಾರೆ ಹಾಕುವುದಿಲ್ಲ. ಮೇಲಿನ ಮಣ್ಣು ಸರಿಸಿ, ಯಾವ ಜಂತಿ ಹುಳು ತಿಂದು ಟೊಳ್ಳಾಗಿದೆ, ಯಾವುದು ಇನ್ನೂ ಇಪ್ಪತ್ತು ವರ್ಷ ಭಾರ ಹೊರಬಲ್ಲುದು ಎಂಬುದನ್ನು ತಟ್ಟಿ ನೋಡಿದ ಬಳಿಕವೇ ಬಡಗಿಯನ್ನು ಕರೆಸುತ್ತಾರೆ. ಮನೆಯ ಮೂಲೆಯಲ್ಲಿರುವ ಗಣಕಯಂತ್ರದ ಮಾತು ಬಂದಾಗ ಮಾತ್ರ ಈ ವಿವೇಕ ನಮ್ಮನ್ನು ಬಿಟ್ಟುಹೋಗುತ್ತದೆ. 'ಇದು ಹಳೆಯದಾಯಿತು, ಇನ್ನು ನಡೆಯುವುದಿಲ್ಲ' ಎಂದು ಅಂಗಡಿಯವರು ಹೇಳಿದೊಡನೆ, ಒಂದೋ ದೊಡ್ಡ ಮೊತ್ತವನ್ನು ಎಣಿಸಿಕೊಟ್ಟು ಹೊಸದನ್ನು ತರುತ್ತೇವೆ, ಇಲ್ಲವೆ ಯಂತ್ರಕ್ಕೆ ಬಟ್ಟೆ ಹೊದಿಸಿ ಮರೆತುಬಿಡುತ್ತೇವೆ. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಪೆಟ್ಟಿಗೆ, ಪರದೆ, ಕೀಲಿಮಣೆ, ಮುದ್ರಕಗಳನ್ನು ಇದ್ದಂತೆಯೇ ಉಳಿಸಿಕೊಂಡು, ಒಳಗಿನ ಮದರ್‌ಬೋರ್ಡನ್ನು ಮಾತ್ರ ಬದಲಿಸುವುದೇ ಆ ದಾರಿ.

ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಕನ್ನಡ ಮನೆಗಳಿಗೆ ಈ ದಾರಿ ಬಹಳ ಯೋಗ್ಯವಾದುದು. ನಮ್ಮ ಮನೆಯ ಗಣಕ ಮಾಡುವ ಕೆಲಸವಾದರೂ ಏನು? ಮಗಳು ತೆಲುಗಿನಲ್ಲಿ ಶಾಲೆಯ ಪಾಠ ಬರೆಯುತ್ತಾಳೆ; ಅಜ್ಜ ಬೀದರದ ಬೀಗರಿಗೆ ಕನ್ನಡದಲ್ಲಿ ಪತ್ರ ಬರೆಯುತ್ತಾರೆ; ತಂದೆ ಅಂಗಡಿಯ ಲೆಕ್ಕವನ್ನು ಇಂಗ್ಲಿಷಿನಲ್ಲಿ ಇಡುತ್ತಾರೆ; ನೆರೆಯವರ ಉರ್ದು ಕರೆಯೋಲೆಯೂ ಅದರಲ್ಲಿಯೇ ಸಿದ್ಧವಾಗುತ್ತದೆ. ನಾಲ್ಕು ಲಿಪಿಗಳಾದರೂ ಯಂತ್ರಕ್ಕೆ ಇದೊಂದು ಭಾರವೇ ಅಲ್ಲ. ಆದರೆ ನಮಗೆ ಒಂದು ತೊಡಕೂ ಉಂಟು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಜಹೀರಾಬಾದು, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದಂದಿನಿಂದ ಕಚೇರಿ ಒಂದು ದಿಕ್ಕು, ಬಂಧುಗಳ ಊರು ಇನ್ನೊಂದು ದಿಕ್ಕು ಎಂಬ ಬಾಳು ನಮಗೆ ರೂಢಿಯಾಗಿದೆ. ಗಣಕದ ಬಿಡಿಭಾಗಗಳಿಗೂ ಅದೇ ಗತಿ. ಬೋರ್ಡು ಬೇಕೆಂದರೆ ನೂರು ಕಿಲೋಮೀಟರಿಗೆ ಮೇಲ್ಪಟ್ಟು ಪಯಣಿಸಿ ಸಿಕಂದರಾಬಾದಿಗೆ ಹೋಗಬೇಕು, ಇಲ್ಲವೆ ಬೀದರ, ಕಲಬುರಗಿಗಳಲ್ಲಿ ವಿಚಾರಿಸಬೇಕು. ತಂದ ವಸ್ತು ಕೂಡಿಬರದಿದ್ದರೆ ಹಣದ ಜೊತೆಗೆ ಮತ್ತೊಂದು ದಿನದ ದುಡಿಮೆಯೂ ಹೋಯಿತೆಂದೇ ಲೆಕ್ಕ. ಆದುದರಿಂದ ಹೊರಡುವ ಮುನ್ನವೇ ಮನೆಯಲ್ಲಿ ಕುಳಿತು ನಿಶ್ಚಯಿಸಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಈಗೇಕೆ ಈ ಪ್ರಶ್ನೆ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಭದ್ರತಾ ಪರಿಷ್ಕರಣೆಗಳನ್ನು ನಿಲ್ಲಿಸಿತು. ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಒಂದು ವರ್ಷದ ಹೆಚ್ಚುವರಿ ಅವಧಿ ದೊರೆಯುವುದೆಂದೂ ಅದು ಪ್ರಕಟಿಸಿತು. ಮುಂದಿನದಾದ ವಿಂಡೋಸ್ 11 ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಪ್ರೊಸೆಸರ್ ಅಥವಾ ಅನಂತರದ್ದು, ಎಎಂಡಿ ಆದರೆ ರೈಜನ್ 2000 ಸರಣಿ ಅಥವಾ ಅನಂತರದ್ದು ಬೇಕು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡೂ ಬೇಕು. ಹೀಗಾಗಿ 2013-17ರ ನಡುವೆ ಕೊಂಡ ಅಸಂಖ್ಯ ಯಂತ್ರಗಳು, ಕೈಕಾಲು ಗಟ್ಟಿಯಿದ್ದೂ ನಿವೃತ್ತಿಯ ವಯಸ್ಸು ಮುಟ್ಟಿದ ನೌಕರರಂತಾಗಿವೆ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಎಂಟನೆಯ ಪೀಳಿಗೆಯ ಅಥವಾ ಅದಕ್ಕೂ ಹೊಸ ಯಂತ್ರವಿದ್ದೂ 'ವಿಂಡೋಸ್ 11 ನಡೆಯದು' ಎಂಬ ಸಂದೇಶ ಬರುವುದುಂಟು. ಅನೇಕ ವೇಳೆ ಟಿಪಿಎಂ ಬೋರ್ಡಿನೊಳಗೇ ಇರುತ್ತದೆ. ಬಯಾಸ್ ಪುಟದಲ್ಲಿ ಅದನ್ನು ಚಾಲನೆಗೊಳಿಸಿರುವುದಿಲ್ಲ, ಅಷ್ಟೆ. ಇಂಟೆಲ್ ಬೋರ್ಡುಗಳಲ್ಲಿ ಪಿಟಿಟಿ ಎಂದೂ ಎಎಂಡಿ ಬೋರ್ಡುಗಳಲ್ಲಿ ಎಫ್‌ಟಿಪಿಎಂ ಎಂದೂ ಅದರ ಹೆಸರು. ಅರ್ಧ ಗಂಟೆಯ ಈ ಕೆಲಸಕ್ಕೆ ಬದಲಾಗಿ ಹೊಸ ಬೋರ್ಡನ್ನು ಕೊಳ್ಳುವುದು, ಬಾಗಿಲ ಅಗುಳಿ ತೆಗೆಯಲರಿಯದೆ ಬಾಗಿಲನ್ನೇ ಒಡೆಸಿದಂತೆ.

ಮದರ್‌ಬೋರ್ಡ್ ಎಂದರೇನು?

ಗಣಕದ ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದರೆ ಒಳಗೆ ಕಾಣುವ ದೊಡ್ಡ ಹಲಗೆಯೇ ಮದರ್‌ಬೋರ್ಡ್. ಯೋಚಿಸುವ ಪ್ರೊಸೆಸರ್, ತಾತ್ಕಾಲಿಕ ನೆನಪಾದ ರ‍್ಯಾಮ್, ಶಾಶ್ವತ ಸಂಗ್ರಹವಾದ ಡಿಸ್ಕು, ಹೊರಗಿನ ಪರದೆ ಮತ್ತು ಕೀಲಿಮಣೆ ಇವೆಲ್ಲ ಪರಸ್ಪರ ಮಾತನಾಡುವುದು ಇದರ ಮೂಲಕ. ತಾನಾಗಿ ಅದು ಯಾವ ಲೆಕ್ಕವನ್ನೂ ಮಾಡದು. ಅವಿಭಕ್ತ ಕುಟುಂಬದ ತಾಯಿಯಂತೆ, ಯಾರು ಯಾರೊಡನೆ ಹೊಂದಿ ಬಾಳಬಲ್ಲರು ಎಂಬುದನ್ನು ನಿರ್ಣಯಿಸುವುದು ಮಾತ್ರ ಅದರ ಅಧಿಕಾರ. ಅದಕ್ಕೆ ಈ ಹೆಸರಿಟ್ಟವರು ಇದನ್ನೆಲ್ಲ ಯೋಚಿಸಿದ್ದರೋ ಇಲ್ಲವೋ, ಹೆಸರಂತೂ ಒಪ್ಪುತ್ತದೆ.

ಈ ಕಾರಣದಿಂದಲೇ 'ಯಾವ ಬೋರ್ಡು ಒಳ್ಳೆಯದು?' ಎಂದು ಕೇಳುವುದು ಸರಿಯಾದ ಪ್ರಶ್ನೆಯಲ್ಲ. 'ನನ್ನಲ್ಲಿ ಈಗಿರುವ ಯಾವ ಭಾಗಗಳನ್ನು ಉಳಿಸಿಕೊಳ್ಳಬಹುದು, ಅವು ಯಾವ ಬೋರ್ಡಿನೊಡನೆ ಹೊಂದುತ್ತವೆ?' ಎಂದು ಕೇಳಬೇಕು. ಅಗ್ಗದ ಬೋರ್ಡೆಂದರೆ ಕಡಿಮೆ ಬೆಲೆಯದಲ್ಲ. ಹಳೆಯ ಸಾಮಾನುಗಳಲ್ಲಿ ಹೆಚ್ಚಿನವನ್ನು ಉಳಿಸಿಕೊಡುವಂಥದು.

ಮೊದಲು ಮಾಡಬೇಕಾದ ಪರೀಕ್ಷೆ

ಯಂತ್ರ ನಿಧಾನವಾಗಿದೆ ಎಂಬುದೊಂದೇ ದೂರಾದರೆ ಬೋರ್ಡು ಬದಲಿಸಬೇಕಾಗಿಲ್ಲ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಸಾಟಾ ಜಾತಿಯ ಎಸ್‌ಎಸ್‌ಡಿಯನ್ನು ಹಾಕಿಸಿದರೆ, ಹತ್ತು ವರ್ಷದ ಯಂತ್ರವೂ ಕಣ್ಣಿಗೆ ಕಾಣುವಷ್ಟು ಚುರುಕಾಗುತ್ತದೆ. ಮುಂದೆ ಬೋರ್ಡು ಬದಲಿಸಿದರೂ ಆ ಎಸ್‌ಎಸ್‌ಡಿ ಉಪಯೋಗಕ್ಕೆ ಬರುತ್ತದೆ. ಹಾಕಿದ ಹಣ ಎಲ್ಲಿಯೂ ಹೋಗುವುದಿಲ್ಲ.

ಯಂತ್ರ ಪ್ರತಿದಿನವೂ ದಿನಾಂಕವನ್ನು ಮರೆತು ಹಿಂದಿನ ಯಾವುದೋ ವರ್ಷವನ್ನು ತೋರಿಸುತ್ತಿದ್ದರೆ, ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ತೀರಿರುವ ಸಂಭವವೇ ಹೆಚ್ಚು. ಇದು ಗಡಿಯಾರದ ಅಂಗಡಿಯಲ್ಲಿಯೂ ದೊರೆಯುವ ಅಲ್ಪ ಬೆಲೆಯ ವಸ್ತು. ನಡುವೆ ತಾನಾಗಿ ಆರಿಹೋಗುತ್ತಿದ್ದರೆ ಧೂಳನ್ನು ಶಂಕಿಸಬೇಕು. ತಾಂಡೂರಿನ ಫರಸಿ ಕಾರಖಾನೆಗಳ ಸುತ್ತಮುತ್ತ ವಾಸಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲಿನ ಬಿಳಿ ಪುಡಿ ಪ್ರೊಸೆಸರಿನ ಮೇಲಿನ ಪಂಖದ ಕೆಳಗೆ ಗೂಡುಕಟ್ಟಿ, ಬಿಸಿ ಹೊರಹೋಗುವ ದಾರಿಯನ್ನು ಮುಚ್ಚಿಬಿಡುತ್ತದೆ. ಅದನ್ನು ತೆಗೆಸಿ, ಪ್ರೊಸೆಸರಿಗೂ ಪಂಖದ ಲೋಹಕ್ಕೂ ನಡುವೆ ಸವರುವ ಒಣಗಿದ ಲೇಪವನ್ನು ಹೊಸದಾಗಿ ಹಚ್ಚಿಸಿದರೆ ಅನೇಕ ಯಂತ್ರಗಳು ಮತ್ತೆ ಸರಿಹೋಗುತ್ತವೆ.

ವಿಂಡೋಸ್ ಬೇಕೇ ಬೇಕೆಂಬ ಹಟವಿಲ್ಲದ ಮನೆಗಳಿಗೆ ಲಿನಕ್ಸ್ ಇನ್ನೊಂದು ಉಪಾಯ. ಅದು ಹಳೆಯ ಯಂತ್ರದಲ್ಲಿಯೂ ನಡೆಯುತ್ತದೆ, ಬೆಲೆಯಿಲ್ಲ, ಕನ್ನಡ ಮತ್ತು ತೆಲುಗುಗಳೆರಡನ್ನೂ ಚೆನ್ನಾಗಿ ತೋರಿಸುತ್ತದೆ. ನುಡಿಯ ಕೀಲಿಮಣೆ ವಿನ್ಯಾಸವನ್ನೂ ಅದರಲ್ಲಿ ಹಾಕಿಕೊಳ್ಳಬಹುದು. ಆದರೆ ಟ್ಯಾಲಿಯಂಥ ಲೆಕ್ಕದ ತಂತ್ರಾಂಶವನ್ನು ಅವಲಂಬಿಸಿದ ಅಂಗಡಿಕಾರರಿಗೆ ಈ ಸಲಹೆ ಒಗ್ಗದು.

ಇಷ್ಟೆಲ್ಲ ಆದ ಮೇಲೂ ಬೋರ್ಡು ಬದಲಿಸುವುದೇ ಸರಿಯೆಂದು ತೋರಿದರೆ ಮುಂದುವರಿಯೋಣ.

ರ‍್ಯಾಮ್ ಹೇಳುವ ತೀರ್ಪು

ಎರಡು ವರ್ಷಗಳ ಹಿಂದೆ ಈ ಲೇಖನವನ್ನು ಬರೆದಿದ್ದರೆ ಪ್ರೊಸೆಸರಿನಿಂದ ಆರಂಭಿಸಬೇಕಿತ್ತು. ಈಗ ರ‍್ಯಾಮಿನಿಂದ ಆರಂಭಿಸಬೇಕಾಗಿದೆ. ಕೃತಕ ಬುದ್ಧಿಮತ್ತೆಯ ಬೃಹತ್ ಗಣಕಾಗಾರಗಳಿಗೆ ನೆನಪಿನ ಚಿಪ್ಪುಗಳು ರಾಶಿ ರಾಶಿಯಾಗಿ ಬೇಕಾಗಿ, ತಯಾರಕರು ಅತ್ತ ಒಲಿದುದರಿಂದ, 2025ರ ಉತ್ತರಾರ್ಧದಲ್ಲಿ ರ‍್ಯಾಮಿನ ಚಿಲ್ಲರೆ ಬೆಲೆ ಕೆಲವೇ ತಿಂಗಳಲ್ಲಿ ಎರಡು ಪಟ್ಟಿಗೂ ಮಿಗಿಲಾಗಿ ಏರಿದ್ದುಂಟು. ಮೈಕ್ರಾನ್ ಸಂಸ್ಥೆಯಂತೂ ಮನೆಬಳಕೆಯವರಿಗೆ 'ಕ್ರೂಶಿಯಲ್' ಹೆಸರಿನಲ್ಲಿ ಮಾರುತ್ತಿದ್ದ ವ್ಯಾಪಾರದಿಂದಲೇ ಹಿಂದೆ ಸರಿಯುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಪ್ರಕಟಿಸಿತು. ತೊಗರಿಯ ಧಾರಣೆಯನ್ನು ಅಂದಂದೇ ವಿಚಾರಿಸುವಂತೆ ರ‍್ಯಾಮಿನ ಧಾರಣೆಯನ್ನೂ ಹೊರಡುವ ದಿನ ಬೆಳಿಗ್ಗೆ ದೂರವಾಣಿಯಲ್ಲಿ ಕೇಳಿಯೇ ಹೊರಡುವುದು ಲೇಸು.

ಆದುದರಿಂದ ಮೊದಲು ನಿಮ್ಮ ಯಂತ್ರದಲ್ಲಿರುವ ರ‍್ಯಾಮ್ ಪಟ್ಟಿಯನ್ನು ಹೊರತೆಗೆದು ಅದರ ಮೇಲಿನ ಚೀಟಿಯನ್ನು ಓದಿರಿ. ಡಿಡಿಆರ್3 ಎಂದಿದೆಯೋ, ಡಿಡಿಆರ್4 ಎಂದಿದೆಯೋ? ನಾಲ್ಕನೆಯ ಪೀಳಿಗೆಯ ಹಾಗೂ ಅದಕ್ಕೂ ಹಿಂದಿನ ಇಂಟೆಲ್ ಯಂತ್ರಗಳಲ್ಲಿ ಮನೆಬಳಕೆಗೆ ಇದ್ದದ್ದು ಡಿಡಿಆರ್3. 2015ರ ಆರನೆಯ ಪೀಳಿಗೆಯಿಂದಾಚೆಗೆ ಹೆಚ್ಚಾಗಿ ಡಿಡಿಆರ್4. ಪ್ರತಿಯೊಂದರ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಒಂದರ ಮನೆಯಲ್ಲಿ ಇನ್ನೊಂದು ಕೂರದು. ಬಲವಂತ ಮಾಡಿದರೆ ಎರಡೂ ಹಾಳು.

ಡಿಡಿಆರ್4 ಇದ್ದವರು ಅದೃಷ್ಟವಂತರು. ಅವರ 8 ಜಿಬಿ ಪಟ್ಟಿ, ವೇಗ 2133 ಇರಲಿ 2400 ಇರಲಿ, ಡಿಡಿಆರ್4 ಒಪ್ಪುವ ಹೊಸ ಬೋರ್ಡಿನಲ್ಲಿ ಸಾಮಾನ್ಯವಾಗಿ ಹಾಗೆಯೇ ಕೆಲಸ ಮಾಡುತ್ತದೆ. ಬೋರ್ಡು ಮತ್ತು ಪ್ರೊಸೆಸರ್ ಎರಡನ್ನು ಕೊಂಡರೆ ಮುಗಿಯಿತು.

ಡಿಡಿಆರ್3 ಇದ್ದವರು ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಕೊಳ್ಳಬೇಕು. ಅವರು ಒಂದು ಕ್ಷಣ ನಿಂತು ಬೇರೊಂದು ಲೆಕ್ಕ ಹಾಕುವುದು ಒಳ್ಳೆಯದು. ದೊಡ್ಡ ಕಚೇರಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟುಕೊಟ್ಟ, ದುರಸ್ತಿಯಾದ, ಎಂಟನೆಯ ಅಥವಾ ಒಂಬತ್ತನೆಯ ಪೀಳಿಗೆಯ ಡೆಲ್, ಎಚ್‌ಪಿ, ಲೆನೊವೊ ಯಂತ್ರಗಳು ರ‍್ಯಾಮ್ ಮತ್ತು ಎಸ್‌ಎಸ್‌ಡಿ ಸಹಿತ ಮಾರಾಟವಾಗುತ್ತವೆ. ಈ ಮೂರು ಬಿಡಿಭಾಗಗಳ ಒಟ್ಟು ಬೆಲೆಗಿಂತ ಅಂಥ ಯಂತ್ರ ಅಗ್ಗವಾಗಿದ್ದರೆ ಬೋರ್ಡಿನ ಯೋಚನೆಯನ್ನೇ ಕೈಬಿಡಬಹುದು. ಮದರ್‌ಬೋರ್ಡಿನ ಮೇಲೆ ಬರೆಯಹೊರಟ ಲೇಖನದಲ್ಲಿ ಈ ಮಾತು ಅಪ್ರಕೃತವೆನಿಸಿದರೂ, ಹಣ ಓದುಗರದಾದ್ದರಿಂದ ಹೇಳಲೇಬೇಕು.

ಸಾಕೆಟ್ಟಿನ ಸಂಖ್ಯೆಗಳು

ಪ್ರೊಸೆಸರ್ ಕೂರುವ ಚೌಕಾಕಾರದ ಪೀಠಕ್ಕೆ ಸಾಕೆಟ್ ಎನ್ನುತ್ತಾರೆ. ಬಹಳ ಜನ ಮೋಸಹೋಗುವುದು ಇಲ್ಲಿಯೇ. ಇಂಟೆಲಿನ ಆರು, ಏಳನೆಯ ಪೀಳಿಗೆಗಳ ಸಾಕೆಟ್ಟಿನ ಹೆಸರು ಎಲ್‌ಜಿಎ 1151. ಎಂಟು, ಒಂಬತ್ತನೆಯದಕ್ಕೂ ಅದೇ ಹೆಸರು, ಅಷ್ಟೇ ಕಡ್ಡಿಗಳು. ಆದರೆ ಒಳಗಿನ ವಿದ್ಯುತ್ ಏರ್ಪಾಡು ಬೇರೆ. ಏಳನೆಯ ಪೀಳಿಗೆಯವರ ಎಚ್110 ಬೋರ್ಡಿಗೆ ಎಂಟನೆಯ ಪೀಳಿಗೆಯ ಪ್ರೊಸೆಸರನ್ನು ತಂದು ಕೂರಿಸಿದರೆ ಯಂತ್ರ ಏಳುವುದೇ ಇಲ್ಲ. 'ಪ್ರೊಸೆಸರ್ ಒಂದನ್ನೇ ಬದಲಿಸಿ ವಿಂಡೋಸ್ 11 ಹಾಕಿಕೊಡುತ್ತೇವೆ' ಎಂದು ಯಾರಾದರೂ ಹೇಳಿದರೆ ಈ ಒಂದು ಮಾತನ್ನು ಜ್ಞಾಪಿಸಿಕೊಳ್ಳಬೇಕು.

ಹೊಸದಾಗಿ ಕೊಳ್ಳುವವರಿಗೆ ಇಂದು ಮಿತವ್ಯಯದ ದಾರಿಗಳು ಮುಖ್ಯವಾಗಿ ಎರಡು. ಒಂದು, ಇಂಟೆಲಿನ ಎಲ್‌ಜಿಎ 1700. ಹನ್ನೆರಡು, ಹದಿಮೂರು, ಹದಿನಾಲ್ಕನೆಯ ಪೀಳಿಗೆಗಳು ಇದರಲ್ಲಿ ಕೂರುತ್ತವೆ. ಇದರ ಅತ್ಯಂತ ಸಾದಾ ಚಿಪ್‌ಸೆಟ್ 2022ರಲ್ಲಿ ಬಂದ ಎಚ್610. ಇಂಥ ಬೋರ್ಡು ಸಾಮಾನ್ಯವಾಗಿ 5ರಿಂದ 8 ಸಾವಿರ ರೂಪಾಯಿಗಳೊಳಗೆ ದೊರೆಯುತ್ತದೆ. ಆದರೆ ಎಚ್610ರಲ್ಲಿಯೇ ಡಿಡಿಆರ್4ರದು ಬೇರೆ, ಡಿಡಿಆರ್5ರದು ಬೇರೆ. ಪೆಟ್ಟಿಗೆಯ ಮೇಲೆ ಹೆಸರಿನ ಕೊನೆಯಲ್ಲಿ ಡಿ4 ಎಂದೋ ಡಿಡಿಆರ್4 ಎಂದೋ ಇದೆಯೇ ಎಂದು ಓದದೆ ಹಣ ಕೊಡಬಾರದು. ಮನೆಯ ಕೆಲಸಕ್ಕೆ ಇದರ ಮೇಲೆ ಐ3-12100 ಧಾರಾಳವಾಗಿ ಸಾಕು.

ಇನ್ನೊಂದು, ಎಎಂಡಿಯ ಎಎಂ4. ರೈಜನ್ ಪ್ರೊಸೆಸರುಗಳು 2017ರಲ್ಲಿ ಬಂದಂದಿನಿಂದ 5000 ಸರಣಿಯವರೆಗೂ ಒಂದೇ ಸಾಕೆಟ್ಟನ್ನು ಉಳಿಸಿಕೊಂಡು ಬಂದದ್ದು ಈ ಸಂಸ್ಥೆಯ ದೊಡ್ಡ ಉಪಕಾರ. ಇದಕ್ಕೆಲ್ಲ ಡಿಡಿಆರ್4 ರ‍್ಯಾಮೇ. ಎ520, ಬಿ450, ಬಿ550 ಎಂಬ ಚಿಪ್‌ಸೆಟ್ಟುಗಳ ಬೋರ್ಡುಗಳುಂಟು. ಎ520 ಮನೆಗೆ ಸಾಕು. ಹಳೆಯ ದಾಸ್ತಾನಿನ ಬಿ450 ಆದರೆ ಅದರ ಬಯಾಸ್ 5000 ಸರಣಿಯನ್ನು ಗುರುತಿಸುವಷ್ಟು ಹೊಸದೇ ಎಂದು ಕೇಳಿಕೊಳ್ಳಬೇಕು, ಇಲ್ಲದಿದ್ದರೆ ಅಂಗಡಿಯಲ್ಲಿಯೇ ಪರಿಷ್ಕರಿಸಿಕೊಡಲು ಹೇಳಬೇಕು.

ಎರಡರಲ್ಲಿಯೂ ಅಕ್ಷರವೊಂದರ ತೊಡಕಿದೆ. ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಗೆ 'ಎಫ್' ಇದ್ದರೆ ಅದರಲ್ಲಿ ಚಿತ್ರ ತೋರಿಸುವ ಭಾಗವಿಲ್ಲ. ಎಎಂ4ರಲ್ಲಿ ಇದಕ್ಕೆ ತದ್ವಿರುದ್ಧ: 5600ಜಿ ಎಂಬಂತೆ ಕೊನೆಗೆ 'ಜಿ' ಇದ್ದರೆ ಮಾತ್ರ ಆ ಭಾಗವಿರುತ್ತದೆ. ಇದನ್ನರಿಯದೆ ನೂರಿನ್ನೂರು ಉಳಿಸಹೋದವರ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಬಳಿಕ ಗ್ರಾಫಿಕ್ಸ್ ಕಾರ್ಡಿಗೆ ಸಾವಿರಗಟ್ಟಲೆ ತೆರಬೇಕು.

ಎಎಂಡಿಯ 2022ರ ಎಎಂ5 ಸಾಕೆಟ್ ಮುಂದೆಯೂ ಬಹುಕಾಲ ನಡೆಯುವುದೆಂದು ಹೇಳಿ ಅದನ್ನೇ ಕೊಳ್ಳುವಂತೆ ಕೆಲವರು ಸಲಹೆ ಮಾಡುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದು ಡಿಡಿಆರ್5ನ್ನು ಮಾತ್ರ ಒಪ್ಪುತ್ತದೆ. ಇಂದಿನ ಧಾರಣೆಯಲ್ಲಿ ಅದೊಂದು ಭಾರವಾದ ಹೊರೆ. ನಮ್ಮ ಮನೆಗಳಲ್ಲಿ ಗಣಕವನ್ನು ಮುಟ್ಟುವುದೇ ಎಂಟು ಹತ್ತು ವರ್ಷಕ್ಕೊಮ್ಮೆ. ಅಷ್ಟರಲ್ಲಿ ಸಾಕೆಟ್ಟೂ ಬದಲಾಗಿರುತ್ತದೆ, ರ‍್ಯಾಮೂ ಬದಲಾಗಿರುತ್ತದೆ. ಬಾರದ ನಾಳೆಗೆಂದು ಇಂದು ಹೆಚ್ಚು ತೆರುವುದು ನನ್ನ ದೃಷ್ಟಿಯಲ್ಲಿ ಮಿತವ್ಯಯವಲ್ಲ.

ಎಚ್61, ಎಚ್81ರ 'ಹೊಸ' ಬೋರ್ಡುಗಳೂ ಮಾರುಕಟ್ಟೆಯಲ್ಲಿ ತುಂಬ ಅಗ್ಗವಾಗಿ ಸಿಗುತ್ತವೆ. ಎಚ್61 ಮೂಲತಃ 2011ರ ವಿನ್ಯಾಸ. ಸತ್ತ ಬೋರ್ಡಿನ ಸ್ಥಾನದಲ್ಲಿ ಹಾಕಿ, ಇದ್ದ ಯಂತ್ರವನ್ನು ಇದ್ದಂತೆಯೇ ಎಬ್ಬಿಸಲು ಇದು ಆದೀತು. ಸುಧಾರಣೆಯೆಂದು ಕೊಂಡರೆ ಬೆಪ್ಪರಾಗುವಿರಿ.

ಬೆನ್ನಿನ ಪೋರ್ಟುಗಳು

ಇಲ್ಲಿ ಮನೆಯವರಿಗಿಂತ ಅಂಗಡಿಕಾರರಿಗೆ ಹೇಳಬೇಕಾದ್ದು ಹೆಚ್ಚು. ಹಳೆಯ ಪರದೆಗಳಲ್ಲಿ ಹೆಚ್ಚಿನವಕ್ಕೆ ನೀಲಿ ಬಣ್ಣದ ವಿಜಿಎ ಕೇಬಲ್ಲೊಂದೇ ಗತಿ. ಅಗ್ಗದ ಎಚ್610, ಎ520 ಬೋರ್ಡುಗಳಲ್ಲಿ ವಿಜಿಎ ಇನ್ನೂ ಉಳಿದಿರುವುದು ನಮ್ಮ ಪುಣ್ಯ. ಎಲ್ಲದರಲ್ಲಿಯೂ ಇಲ್ಲವಾದ್ದರಿಂದ ನೋಡಿ ಕೊಳ್ಳಬೇಕು.

ತಾಂಡೂರಿನ ದಾಲ್ ಮಿಲ್ಲುಗಳಲ್ಲಿ, ಜಹೀರಾಬಾದಿನ ಕಬ್ಬಿನ ಗಾಡಿ ತೂಗುವ ವೇಬ್ರಿಜ್ಜುಗಳಲ್ಲಿ ಗಣಕದ ಬೆನ್ನಿಗೆ ಅಂಟಿಕೊಂಡಿರುವ ಸಾಮಾನುಗಳು ಬೇರೆಯೇ ಕಾಲದವು. ತೂಕದ ಯಂತ್ರ ಒಂಬತ್ತು ಕಡ್ಡಿಗಳ ಕಾಮ್ ಪೋರ್ಟನ್ನು ಕೇಳುತ್ತದೆ. ಚೀಟಿ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಮುದ್ರಕ ಅಗಲವಾದ ಪ್ಯಾರಲಲ್ ಪೋರ್ಟನ್ನು ಕೇಳುತ್ತದೆ. ಮದುವೆಯ ಕರೆಯೋಲೆ ಅಚ್ಚಿಗೆ ಸಿದ್ಧಪಡಿಸುವ ಡಿಟಿಪಿ ಅಂಗಡಿಗಳಲ್ಲಿ ಹಳೆಯ ಅಕ್ಷರ ತಂತ್ರಾಂಶದ ಬೀಗವನ್ನು, ಅಂದರೆ ಡಾಂಗಲನ್ನು, ಅದೇ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸಿರುತ್ತಾರೆ. ಹೊಸ ಬೋರ್ಡಿನ ಬೆನ್ನಿನಲ್ಲಿ ಇವು ಇರುವುದು ಅಪರೂಪ. ಯುಎಸ್‌ಬಿಗೆ ಪರಿವರ್ತಿಸುವ ಕೇಬಲ್ಲಿನಲ್ಲಿ ಮುದ್ರಕವೇನೋ ನಡೆದೀತು, ಡಾಂಗಲ್ ಬಹುಮಟ್ಟಿಗೆ ನಡೆಯುವುದಿಲ್ಲ. ಇಂಥವರು ಬೋರ್ಡಿನ ಮೇಲೆ ಪಿಸಿಐ ಎಕ್ಸ್‌ಪ್ರೆಸ್ ಸಣ್ಣ ಸ್ಲಾಟೊಂದು ಖಾಲಿ ಇರುವಂತೆ ನೋಡಿಕೊಂಡು, ಅದರಲ್ಲಿ ಪ್ಯಾರಲಲ್ ಅಥವಾ ಸೀರಿಯಲ್ ಕಾರ್ಡನ್ನು ಹಾಕಿಸಬೇಕು. ಇದನ್ನು ಮೊದಲೇ ಯೋಚಿಸದಿದ್ದರೆ ಹಂಗಾಮಿನ ನಡುವೆ ಅಂಗಡಿ ಮುಚ್ಚಿ ಕುಳಿತುಕೊಳ್ಳಬೇಕಾದೀತು.

ಪೆಟ್ಟಿಗೆ ಮತ್ತು ವಿದ್ಯುತ್ತು

ಸ್ಥಳೀಯವಾಗಿ ಜೋಡಿಸಿದ ಯಂತ್ರವಾದರೆ ಪೆಟ್ಟಿಗೆಯ ಚಿಂತೆ ಕಡಿಮೆ. ಮೈಕ್ರೋ ಎಟಿಎಕ್ಸ್ ಅಳತೆಯ, ಅಂದರೆ ಹೆಚ್ಚೆಂದರೆ 244 ಮಿಲಿಮೀಟರ್ ಚೌಕದ ಬೋರ್ಡು ಅದರಲ್ಲಿ ಹಿಡಿಯುತ್ತದೆ. ದೊಡ್ಡ ಸಂಸ್ಥೆಗಳ ಸಿದ್ಧ ಯಂತ್ರವಾದರೆ ಅನೇಕ ವೇಳೆ ಬೋರ್ಡಿನ ಆಕಾರ, ತಿರುಪಿನ ರಂಧ್ರ, ವಿದ್ಯುತ್ ಜೋಡಣೆ ಎಲ್ಲವೂ ಅವರದೇ ಆಗಿರುತ್ತವೆ. ಅಂಥ ಪೆಟ್ಟಿಗೆಗೆ ಹೊರಗಿನ ಬೋರ್ಡನ್ನು ಕೂರಿಸುವ ಸಾಹಸ ಬೇಡ.

ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಡಬ್ಬಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಸ ಬೋರ್ಡಿಗೆ 24 ಕಡ್ಡಿಗಳ ಮುಖ್ಯ ಜೋಡಣೆಯ ಜೊತೆಗೆ ಪ್ರೊಸೆಸರಿಗಾಗಿ ಹೆಚ್ಚಾಗಿ 8 ಕಡ್ಡಿಗಳ ಪ್ರತ್ಯೇಕ ಜೋಡಣೆಯಿರುತ್ತದೆ. ಹಳೆಯ ಡಬ್ಬಿಗಳಲ್ಲಿ ಅದು ನಾಲ್ಕೇ ಇರುತ್ತದೆ. ಹತ್ತು ವರ್ಷ ಹಳ್ಳಿಯ ಏರಿಳಿತದ ವಿದ್ಯುತ್ತನ್ನು ಕುಡಿದ ಅಗ್ಗದ ಡಬ್ಬಿಯೊಂದಕ್ಕೆ ಹೊಸ ಬೋರ್ಡನ್ನು ಒಪ್ಪಿಸುವುದಕ್ಕಿಂತ, ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದಾದರೂ ಒಳ್ಳೆಯ ಡಬ್ಬಿಯನ್ನು ಕೊಳ್ಳುವುದೇ ಲೇಸು. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅದೂ ರಕ್ಷಿಸದು.

ಬಿಚ್ಚುವ ಮುನ್ನ

ಹಳೆಯ ಡಿಸ್ಕಿನಲ್ಲಿರುವ ಕಡತಗಳನ್ನು ಮೊದಲು ಬೇರೊಂದು ಡಿಸ್ಕಿಗೆ ಪ್ರತಿ ಮಾಡಿಟ್ಟುಕೊಳ್ಳಿರಿ. ಹಳೆಯ 'ಲೆಗಸಿ' ಕ್ರಮದಲ್ಲಿ ಅಳವಡಿಸಿದ ವಿಂಡೋಸ್, ಹೊಸ ಇಂಟೆಲ್ ಬೋರ್ಡುಗಳಲ್ಲಿ ಏಳುವುದಿಲ್ಲ. ಡಿಸ್ಕನ್ನು ಪರಿವರ್ತಿಸಬೇಕು ಅಥವಾ ಹೊಸದಾಗಿ ಅಳವಡಿಸಬೇಕು. ಯಂತ್ರದೊಡನೆಯೇ ಬಂದ ಒಇಎಂ ವಿಂಡೋಸಿನ ಪರವಾನಗಿ ಹಳೆಯ ಬೋರ್ಡಿಗೆ ಕಟ್ಟಿದ್ದು, ಅದರ ಜೊತೆಗೇ ಹೋಗುತ್ತದೆ. ಪ್ರತ್ಯೇಕವಾಗಿ ಕೊಂಡ ರೀಟೇಲ್ ಪರವಾನಗಿಯಾದರೆ ಹೊಸದಕ್ಕೆ ವರ್ಗಾಯಿಸಬಹುದು. ಈ ಖರ್ಚನ್ನು ಮೊದಲೇ ಪಟ್ಟಿಯಲ್ಲಿ ಬರೆದುಕೊಳ್ಳಬೇಕು.

ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಪತ್ರ, ವಂಶಾವಳಿ, ಭಜನೆಯ ಸಂಗ್ರಹಗಳಿದ್ದರೆ ಹಳೆಯ ಯಂತ್ರ ನಡೆಯುತ್ತಿರುವಾಗಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಉತ್ತಮ. ಆ ಫಾಂಟುಗಳಿಲ್ಲದ ಹೊಸ ವಿಂಡೋಸಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಇನ್ನು ಮುಂದೆ ಬರೆಯುವುದಕ್ಕೆ ತೊಂದರೆಯಿಲ್ಲ; ಕನ್ನಡ ಮತ್ತು ತೆಲುಗಿನ ಫಾಂಟುಗಳೂ ಉಚ್ಚಾರಣೆಯಂತೆ ಬರೆಯುವ ಕೀಲಿಮಣೆಗಳೂ ವಿಂಡೋಸಿನಲ್ಲಿಯೇ ಇವೆ.

ಕೊಳ್ಳುವಾಗ

ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್ ಗಣಕ ಬಿಡಿಭಾಗಗಳ ಹೆಸರಾಂತ ಪೇಟೆ. ಜಹೀರಾಬಾದು, ತಾಂಡೂರುಗಳಿಂದ ರೈಲಿದೆ. ನಾರಾಯಣಖೇಡದವರಿಗೆ ಬಸ್ಸೇ ಗತಿ. ಬೀದರದಲ್ಲಿ ಕೊಂಡರೂ ಅಲ್ಲಿ ಕೊಂಡರೂ ಬೋರ್ಡಿನ ಮೇಲಿನ ಜಿಎಸ್‌ಟಿ ಶೇಕಡಾ 18. 'ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ' ಎಂಬ ಮಾತಿಗೆ ಸೋಲಬಾರದು. ಸಾಮಾನ್ಯವಾಗಿ ಮೂರು ವರ್ಷಗಳಿರುವ ವಾರಂಟಿಯನ್ನು ಕೇಳಹೋದಾಗ ಬಿಲ್ಲೇ ಆಧಾರ. ದುರಸ್ತಿ ಕೇಂದ್ರ ಯಾವ ಊರಿನಲ್ಲಿದೆ ಎಂದೂ ಆಗಲೇ ಕೇಳಿ ಬಿಲ್ಲಿನ ಹಿಂದೆ ಬರೆದುಕೊಳ್ಳಿರಿ.

ಹೋಗುವಾಗ ಹಳೆಯ ರ‍್ಯಾಮ್ ಪಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಒಯ್ಯಬೇಕು, ಎಸ್‌ಎಂಪಿಎಸ್‌ನ ಜೋಡಣೆಗಳ ಮತ್ತು ಪರದೆಯ ಬೆನ್ನಿನ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ಇಂಟೆಲ್ ಬೋರ್ಡಿನ ಸಾಕೆಟ್ಟಿನಲ್ಲಿರುವ ಕೂದಲಿನಂಥ ಕಡ್ಡಿಗಳಲ್ಲಿ ಒಂದು ಬಾಗಿದ್ದರೂ ವಾರಂಟಿ ದೊರೆಯುವುದು ಕಷ್ಟ. ಆದುದರಿಂದ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಅಂಗಡಿಯವರ ಎದುರಿನಲ್ಲಿಯೇ ತೆಗೆಸಿ, ಬೆಳಕಿಗೆ ಹಿಡಿದು ನೋಡಬೇಕು. ಅಲ್ಲಿಯೇ ಪ್ರೊಸೆಸರನ್ನೂ ನಿಮ್ಮ ರ‍್ಯಾಮನ್ನೂ ಕೂರಿಸಿ ಬಯಾಸ್ ಪುಟ ಬರುವಂತೆ ಮಾಡಿ ತೋರಿಸಲು ಕೇಳಿಕೊಂಡರೆ ಒಪ್ಪದ ಅಂಗಡಿಯವರು ವಿರಳ.

ಕಳಚಿದ ಹಳೆಯ ಬೋರ್ಡು ಕೆಟ್ಟಿಲ್ಲವಾದರೆ ಅದನ್ನು ಪ್ರೊಸೆಸರ್ ಸಹಿತ ಕಾಗದದ ಡಬ್ಬಿಯಲ್ಲಿ ಇಟ್ಟುಕೊಂಡು ಊರಿನ ದುರಸ್ತಿಯವರಿಗೆ ಒಂದು ಮಾತು ಹೇಳಿಡಿ. ಅದೇ ಪೀಳಿಗೆಯ ಬೋರ್ಡು ಸತ್ತು, ಕಡಿಮೆ ಬೆಲೆಯ ಬದಲಿಗಾಗಿ ಹುಡುಕುತ್ತಿರುವ ಮನೆ ಯಾವುದಾದರೂ ಇದ್ದೇ ಇರುತ್ತದೆ.